ಗೊಂಬೆ ಯಾರ ಕಡೆ ನೋಡುತ್ತದೆ?

ಈ ಗೊಂಬೆಯ ನೆತ್ತಿ ಕಳಚಿ ಬರುತ್ತದೆ. ತಲೆಯ ಮೇಲಿನ ವಿಗ್ ತೆಗೆದು ಹಿಂಭಾಗವನ್ನು ಮೆಲ್ಲಗೆ ಎಳೆಯಿರಿ. ಒಳಗಿನ ಪುಟ್ಟ ಅಯಸ್ಕಾಂತಗಳು ಹಿಡಿತ ಬಿಡುತ್ತವೆ, ಮುಚ್ಚಳ ಕೈಗೆ ಬರುತ್ತದೆ. ಒಳಗೆಲ್ಲ ಟೊಳ್ಳು. ಎದುರುಗಡೆ ಎರಡು ತೂತು, ಆ ತೂತುಗಳಿಗೆ ಹಿಂದಿನಿಂದ ಒತ್ತಿ ಕೂರಿಸಿದ ಎರಡು ಕಣ್ಣು, ಅವುಗಳ ಸುತ್ತ ಮೆತ್ತಿದ ಅಂಟುಮೇಣ. ಇಷ್ಟೇ ಸಾಮಾನಿನಿಂದ ಗೊಂಬೆ ನಮ್ಮನ್ನೇ ನೋಡುತ್ತಿದೆ ಅನ್ನಿಸುವ ಹಾಗೆ ಮಾಡಬಹುದು. ಅದು ಹೇಗೆ ಎನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಇವನ್ನು ಬಾಲ್ ಜಾಯಿಂಟೆಡ್ ಡಾಲ್ ಅನ್ನುತ್ತಾರೆ, ಸಂಗ್ರಹಿಸುವವರ ಬಾಯಲ್ಲಿ ಬರೀ ಬಿಜೆಡಿ. ಜಪಾನಿನ ಕ್ಯೋಟೊ ನಗರದ ವೋಕ್ಸ್ ಕಂಪನಿ 1999ರಲ್ಲಿ ‘ಸೂಪರ್ ಡಾಲ್ಫಿ’ ಗೊಂಬೆಗಳನ್ನು ತಂದ ಮೇಲೆ ಇವಕ್ಕೆ ಹೆಸರು ಬಂತು. ಆಮೇಲೆ ಕೊರಿಯಾ, ಚೀನಾಗಳಲ್ಲೂ ಮಾಡತೊಡಗಿದರು. ದೊಡ್ಡ ಗೊಂಬೆ ಸುಮಾರು 60 ಸೆಂಟಿಮೀಟರ್ ಎತ್ತರ ಇರುತ್ತದೆ. ಮೈ ರೆಸಿನ್‌ನದು. ನಮ್ಮ ಭುಜದಲ್ಲಿರುವಂಥದೇ ಚೆಂಡು-ಕುಳಿ ಕೀಲುಗಳು ಅದಕ್ಕೂ ಇವೆ, ಮೈಯೊಳಗೆ ಎಳೆದು ಕಟ್ಟಿದ ಎಲಾಸ್ಟಿಕ್ ಅವನ್ನು ಹಿಡಿದಿಡುತ್ತದೆ. ಕಣ್ಣುಗಳು ಗಾಜಿನವು ಅಥವಾ ಅಕ್ರಿಲಿಕ್‌ನವು. ಅಳತೆ ಸಾಮಾನ್ಯವಾಗಿ 14ರಿಂದ 18 ಮಿಲಿಮೀಟರ್. ಈಗತಾನೆ ಹುಟ್ಟಿದ ಕೂಸಿನ ಕಣ್ಣುಗುಡ್ಡೆಯೂ ಸುಮಾರು 16-17 ಮಿಲಿಮೀಟರ್ ಅಡ್ಡಳತೆಯದು! ದೊಡ್ಡವರದು 24. ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ತಲೆಯಲ್ಲಿ ಕೂಸಿನ ಕಣ್ಣಿನಷ್ಟೇ ದೊಡ್ಡ ಕಣ್ಣು ಕೂತಿರುತ್ತದೆ.

ಕಣ್ಣು ಬದಲಿಸುವಾಗ ತಲೆಯನ್ನು ಮೆತ್ತನೆಯ ಟವೆಲಿನ ಮೇಲೆ ಮುಖ ಕೆಳಗಾಗಿ ಇಡಬೇಕು. ಹುಬ್ಬು, ತುಟಿಗಳನ್ನು ಕೈಯಿಂದ ಬರೆದಿರುತ್ತಾರೆ, ಉಗುರು ತಾಗಿದರೂ ಬಣ್ಣ ಏಳುತ್ತದೆ. ಹಳೆಯ ಮೇಣ ಬಿಡಿಸಿ, ಕಣ್ಣನ್ನು ಮುಂದಿನಿಂದ ಚುಚ್ಚದೆ ಹಿಂದಿನಿಂದಲೇ ತೆಗೆಯಬೇಕು. ಹೊಸ ಮೇಣವನ್ನು ಬತ್ತಿಯಂತೆ ಹೊಸೆದು, ತೂತಿನ ಒಳಅಂಚಿಗೆ ಸುತ್ತಿ, ಅದರ ಮೇಲೆ ಕಣ್ಣಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಮೇಣ ಒಣಗಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಎಷ್ಟು ಸಲ ಬೇಕಾದರೂ ಅಲುಗಿಸಿ ಸರಿಮಾಡಬಹುದು. (ಗಾಜಿನ ಕಣ್ಣು ಬಿದ್ದರೆ ಒಡೆಯುತ್ತದೆ. ಪುಟ್ಟ ತಮ್ಮ ತಂಗಿಯರ ಬಾಯಿಗೂ ಅದು ಸಿಗಬಾರದು. ದೊಡ್ಡವರೊಬ್ಬರು ಜೊತೆಗಿರಲಿ.)

ಕೂರಿಸುವುದು ಸುಲಭ, ದಿಕ್ಕು ಕೂಡಿಸುವುದು ಕಷ್ಟ. ಒಂದು ಲೆಕ್ಕ ಮಾಡೋಣ. 16 ಮಿಲಿಮೀಟರ್ ಅಡ್ಡಳತೆಯ ಗುಂಡಿನ ಸುತ್ತಳತೆ ಸುಮಾರು 50 ಮಿಲಿಮೀಟರ್. ಪೂರ್ತಿ ಒಂದು ಸುತ್ತಿಗೆ 360 ಡಿಗ್ರಿ. ಹಾಗಾದರೆ ಕಣ್ಣು ಒಂದೇ ಒಂದು ಮಿಲಿಮೀಟರ್ ಹೊರಳಿದರೂ ನೋಟ 7 ಡಿಗ್ರಿ ತಿರುಗುತ್ತದೆ. ನೀವು ಎರಡು ಮೀಟರ್ ದೂರದಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಅಷ್ಟು ದೂರದಲ್ಲಿ 7 ಡಿಗ್ರಿ ಅಂದರೆ ಸುಮಾರು 25 ಸೆಂಟಿಮೀಟರ್. ನಿಮ್ಮ ಮುಖ ನೋಡುತ್ತಿದ್ದ ಗೊಂಬೆ ಈಗ ನಿಮ್ಮ ಭುಜದಾಚೆ ಯಾರನ್ನೋ ನೋಡತೊಡಗುತ್ತದೆ. ಒಂದೇ ಕಣ್ಣು ಹೊರಳಿದರಂತೂ ಎರಡೂ ಬೇರೆ ಬೇರೆ ಕಡೆ ನೋಡುತ್ತವೆ. ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ಎಷ್ಟೆಂದು ನೋಡಿ, ಆಗ ಈ ಕೆಲಸಕ್ಕೆ ಯಾಕೆ ಇಷ್ಟು ತಾಳ್ಮೆ ಬೇಕು ಎಂದು ತಿಳಿಯುತ್ತದೆ.

ಇಷ್ಟು ಸಣ್ಣ ವ್ಯತ್ಯಾಸ ನಮಗೆ ಗೊತ್ತಾಗುವುದಾದರೂ ಹೇಗೆ? ಬಿಳಿಗುಡ್ಡೆಯಿಂದ. ನಡುವಿನ ಬಣ್ಣದ ಬಿಲ್ಲೆಯ ಎಡಕ್ಕೆ ಎಷ್ಟು ಬಿಳಿ ಇದೆ, ಬಲಕ್ಕೆ ಎಷ್ಟಿದೆ ಎಂದು ನಮ್ಮ ಮಿದುಳು ನಮಗೆ ತಿಳಿಯದಂತೆಯೇ ಹೋಲಿಸುತ್ತದೆ. ಜಪಾನಿನ ವಿಜ್ಞಾನಿಗಳಾದ ಹಿರೊಮಿ ಕೊಬಯಾಶಿ ಮತ್ತು ಶಿರೊ ಕೊಶಿಮಾ ಕೋತಿ, ವಾನರಗಳ ಕಣ್ಣುಗಳನ್ನು ಮನುಷ್ಯರ ಕಣ್ಣಿನೊಡನೆ ಹೋಲಿಸಿ 1997ರಲ್ಲಿ ಒಂದು ಲೇಖನ ಬರೆದರು. ಅವರು ನೋಡಿದ ಪ್ರಾಣಿಗಳಲ್ಲಿ ಇಷ್ಟು ಬಿಳಿ, ಇಷ್ಟು ಅಗಲವಾಗಿ ಕಾಣುವುದು ಮನುಷ್ಯರ ಕಣ್ಣಿನಲ್ಲಿ ಮಾತ್ರ. ಒಬ್ಬರು ಎತ್ತ ನೋಡುತ್ತಿದ್ದಾರೆ ಎಂದು ಇನ್ನೊಬ್ಬರಿಗೆ ತಿಳಿಯುವುದು ಕೂಡಿ ಬಾಳುವವರಿಗೆ ಉಪಯೋಗಕ್ಕೆ ಬಂದಿರಬೇಕು.

ರೆಪ್ಪೆಯನ್ನೂ ಮರೆಯಬಾರದು. ಕನ್ನಡಿಯಲ್ಲಿ ನಿಮ್ಮ ಕಣ್ಣು ನೋಡಿಕೊಳ್ಳಿ. ಮೇಲಿನ ರೆಪ್ಪೆ ಬಣ್ಣದ ಬಿಲ್ಲೆಯ ತುದಿಯನ್ನು ಸ್ವಲ್ಪ ಮುಚ್ಚಿರುತ್ತದೆ. ಈಗ ಬೆಚ್ಚಿಬಿದ್ದವರಂತೆ ಕಣ್ಣರಳಿಸಿ, ಮೇಲೂ ಬಿಳಿ ಕಾಣುತ್ತದೆ. ಗೊಂಬೆಯ ಕಣ್ಣನ್ನು ಸ್ವಲ್ಪ ಕೆಳಗೆ ಕೂರಿಸಿದರೂ ಇದೇ ಆಗುತ್ತದೆ. ಮುಖ ಬದಲಾಗದೆಯೇ ಗೊಂಬೆ ಹೆದರಿಬಿಡುತ್ತದೆ!

ಇನ್ನು ಕೆಲವು ಗೊಂಬೆಗಳು ನಾವು ಹೋದಲ್ಲೆಲ್ಲ ನೋಟ ಹಾಯಿಸುತ್ತವೆ. ಇದರ ಗುಟ್ಟನ್ನು ನೀವೇ ಬಿಡಿಸಬಹುದು. ದಪ್ಪ ರಟ್ಟಿನಲ್ಲಿ ಕಣ್ಣಿನ ಆಕಾರದ ತೂತು ಕತ್ತರಿಸಿ. ಬಿಳಿ ಹಾಳೆಯ ಮೇಲೆ ಒಂದು ಕರಿ ಚುಕ್ಕೆ ಇಟ್ಟು, ಅದನ್ನು ತೂತಿನ ಹಿಂದೆ ಎರಡು ಬೆರಳಗಲ ದೂರದಲ್ಲಿ ನಿಲ್ಲಿಸಿ. ಒಂದು ಕಣ್ಣು ಮುಚ್ಚಿ, ತಲೆಯನ್ನು ಬಲಕ್ಕೆ ಸರಿಸಿ. ಚುಕ್ಕೆಯೂ ತೂತಿನೊಳಗೆ ಬಲಕ್ಕೆ ಬರುತ್ತದೆ. ಎಡಕ್ಕೆ ಹೋದರೆ ಎಡಕ್ಕೆ. ಈಗ ಹಾಳೆಯನ್ನು ರಟ್ಟಿಗೆ ಅಂಟಿಸಿಬಿಡಿ, ಚುಕ್ಕೆ ಕದಲುವುದೇ ಇಲ್ಲ. ರೈಲಿನಲ್ಲಿ ಹೋಗುವಾಗ ಹತ್ತಿರದ ಕಂಬಗಳು ಹಿಂದೆ ಓಡಿ, ದೂರದ ಬೆಟ್ಟ ನಮ್ಮ ಜೊತೆಗೇ ಬಂದಂತೆ ಕಾಣುವುದಕ್ಕೂ ಇದೇ ಕಾರಣ. ಇದಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಒಳ್ಳೆಯ ಗಾಜಿನ ಕಣ್ಣಿನಲ್ಲಿ ಬಣ್ಣದ ಬಿಲ್ಲೆ ಮೇಲೆಯೇ ಇರದೆ ಉಬ್ಬಿದ ಗಾಜಿನ ಆಳದಲ್ಲಿ ಇರುತ್ತದೆ. ರೆಪ್ಪೆಯೇ ಕಂಬ, ಬಿಲ್ಲೆಯೇ ಬೆಟ್ಟ. ಮೇಲಿನ ಉಬ್ಬು ಪೀನ ಮಸೂರದಂತೆ ಕೆಲಸ ಮಾಡಿ ಬಿಲ್ಲೆಯನ್ನು ತುಸು ದೊಡ್ಡದಾಗಿಯೂ ತೋರಿಸುತ್ತದೆ. ಕಣ್ಣನ್ನು ರೆಪ್ಪೆಗಿಂತ ಇನ್ನೂ ಹಿಂದಕ್ಕೆ ಕೂರಿಸಿದರೆ ಈ ಆಟ ಹೆಚ್ಚುತ್ತದೆ. ಆದರೆ ಪಕ್ಕದಿಂದ ನೋಡುವಾಗ ಸಂದು ಕಾಣುತ್ತದೆ, ರೆಪ್ಪೆಯ ನೆರಳು ಬಿದ್ದು ಕಣ್ಣು ಮಂಕಾಗುತ್ತದೆ.

ಗಾಜಿನಲ್ಲಿ ಇಂಥ ಕಣ್ಣು ಮಾಡುವುದಕ್ಕೆ ಜರ್ಮನಿಯ ಲೌಷಾ ಎಂಬ ಊರು ಹೆಸರಾಗಿತ್ತು. ಅಲ್ಲಿ ಗೊಂಬೆಗಳಿಗೆ ಕಣ್ಣು ಮಾಡುತ್ತಿದ್ದ ಲುಡ್ವಿಗ್ ಮುಲ್ಲರ್-ಉರಿ ಎಂಬ ಕುಶಲಿ 1830ರ ದಶಕದಲ್ಲಿ ಅದೇ ಕೈಚಳಕದಿಂದ ಕಣ್ಣು ಕಳೆದುಕೊಂಡ ಮನುಷ್ಯರಿಗೂ ಗಾಜಿನ ಕಣ್ಣು ಮಾಡತೊಡಗಿದ. ಆಟಿಕೆಯ ಕೆಲಸ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಅವನ ನೆನಪಾಗುತ್ತದೆ.

ಕಣ್ಣು ಸರಿಯಾಗಿ ಕೂತಿತು, ನೆತ್ತಿ ಮುಚ್ಚಿದ್ದಾಯಿತು ಅನ್ನಿ. ಇನ್ನೂ ಒಂದು ತೊಡಕಿದೆ. ಪೆಲೇಡಿಯಂ, ರೋಡಿಯಂ ಲೋಹಗಳನ್ನು ಕಂಡುಹಿಡಿದ ಇಂಗ್ಲೆಂಡಿನ ವಿಲಿಯಂ ವೊಲಾಸ್ಟನ್ 1824ರಲ್ಲಿ ಚಿತ್ರಗಳ ಕಣ್ಣುಗಳ ಬಗ್ಗೆ ಬರೆದ. ಒಂದೇ ಜೋಡಿ ಕಣ್ಣನ್ನು ಎಡಕ್ಕೆ ತಿರುಗಿದ ಮುಖದಲ್ಲಿ ಇಟ್ಟರೆ ಒಂದು ಕಡೆ, ಬಲಕ್ಕೆ ತಿರುಗಿದ ಮುಖದಲ್ಲಿ ಇಟ್ಟರೆ ಇನ್ನೊಂದು ಕಡೆ ನೋಡುವಂತೆ ಕಾಣುತ್ತದೆ ಎಂದು ಅವನು ತೋರಿಸಿಕೊಟ್ಟ. ಕಣ್ಣೊಂದನ್ನೇ ನೋಡಿ ಮಿದುಳು ತೀರ್ಮಾನಿಸುವುದಿಲ್ಲ, ಮೂಗು ಎತ್ತ ತಿರುಗಿದೆ ಎಂದೂ ನೋಡುತ್ತದೆ. ಆದ್ದರಿಂದ ತಲೆಯನ್ನು ಬಿಡಿಯಾಗಿ ಕೈಯಲ್ಲಿ ಹಿಡಿದು ಸರಿಯಾಯಿತು ಅಂದುಕೊಂಡರೆ ಸಾಲದು. ಅದನ್ನು ಮೈಗೆ ಸೇರಿಸಿ, ಗೊಂಬೆ ಕೂರುವ ಜಾಗದಲ್ಲೇ ಇಟ್ಟು, ನೀವು ಯಾವಾಗಲೂ ನಿಲ್ಲುವ ಕಡೆ ನಿಂತು ನೋಡಬೇಕು. ಗೊಂಬೆ ಕಪಾಟಿನ ಕೆಳಗಿನ ಹಲಗೆಯಲ್ಲಿ ಕೂರುವುದಾದರೆ ಎರಡೂ ಕಣ್ಣನ್ನು ಕೂದಲೆಳೆಯಷ್ಟು ಮೇಲಕ್ಕೆ ಹೊರಳಿಸಿ.