ಸಿಲಿಂಡರಿನೊಳಗೆ ಗ್ಯಾಸ್ ಎಷ್ಟಿದೆ?



ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರಿಗೆ ತೊಗರಿ ತೂಗುವುದನ್ನು ಯಾರೂ ಕಲಿಸಬೇಕಿಲ್ಲ. ಕಾಟಾದಲ್ಲಿ ಬಂದ ತೂಕದಿಂದ ಚೀಲದ ತೂಕ ಕಳೆದರೆ ಉಳಿದದ್ದು ಕಾಳು. ಅಡುಗೆ ಗ್ಯಾಸಿನ ಲೆಕ್ಕವೂ ಇದೇ. ಆದರೆ ಖಾಲಿ ಸಿಲಿಂಡರ್‌ಗಳ ತೂಕ ಒಂದೇ ಸಮ ಇರುವುದಿಲ್ಲ. ಒಂದು 15.3 ಕಿಲೋ ಇದ್ದರೆ ಮತ್ತೊಂದು 16.2 ಇದ್ದೀತು. ಆ ಅಂಕಿಯನ್ನು ಸಿಲಿಂಡರಿನ ಮೇಲ್ಭಾಗದಲ್ಲಿ, ಹಿಡಿಕೆಗೆ ಆಸರೆಯಾದ ಪಟ್ಟಿಗಳ ಹತ್ತಿರ ಬರೆದಿರುತ್ತಾರೆ. ಮನೆಬಳಕೆಯ ದೊಡ್ಡ ಸಿಲಿಂಡರಿನಲ್ಲಿ ತುಂಬುವ ಗ್ಯಾಸ್ 14.2 ಕಿಲೋ. ಖಾಲಿ ತೂಕ 15.3 ಆದರೆ ತುಂಬಿದ್ದು 29.5 ತೂಗಬೇಕು.

ಬಳಕೆಯಲ್ಲಿರುವ ಸಿಲಿಂಡರ್ 21.9 ಕಿಲೋ ತೂಗಿತು ಎನ್ನೋಣ. ಖಾಲಿ ತೂಕ 16.2. ಕಳೆದರೆ 5.7 ಕಿಲೋ, ಅಂದರೆ ನೂರಕ್ಕೆ ನಲವತ್ತು ಪಾಲು ಉಳಿದಿದೆ. ಅಂಕಿ ನೋಡದೆ 15.3 ಎಂದು ಅಂದಾಜು ಹಿಡಿದಿದ್ದರೆ 6.6 ಕಿಲೋ ಇದೆ ಎಂದು ನಂಬಿಬಿಡುತ್ತಿದ್ದೆವು.

ಒತ್ತಡ ತೋರಿಸುವ ಮೀಟರ್ ಹಾಕಿದರೆ ಸಾಲದೇ? ಸಾಲದು. ಒಳಗಿರುವುದು ಬಹುಪಾಲು ದ್ರವ, ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಮೇಲಿನ ಆವಿ ಒಲೆಗೆ ಹೋದಂತೆ ಕೆಳಗಿನ ದ್ರವ ಕುದಿದು ಆ ಜಾಗ ತುಂಬುತ್ತದೆ. ದ್ರವ ಇರುವತನಕ ಒತ್ತಡ ಹೆಚ್ಚು ಇಳಿಯುವುದಿಲ್ಲ. ಅದು ಏರಿಳಿಯುವುದು ಮುಖ್ಯವಾಗಿ ಸೆಕೆ, ಚಳಿಗೆ ತಕ್ಕಂತೆ. ಚಳಿಗಾಲದ ನಸುಕಿನಲ್ಲಿ ಉರಿ ಸಣ್ಣಗಾದರೆ ಗ್ಯಾಸ್ ಮುಗಿಯಿತೆಂದು ಸಿಲಿಂಡರನ್ನು ಅಡ್ಡ ಮಲಗಿಸುವವರಿದ್ದಾರೆ. ದಯವಿಟ್ಟು ಬೇಡ. ದ್ರವವೇ ಪೈಪಿಗೆ ನುಗ್ಗಿದರೆ ಬೆಂಕಿ ಅನಾಹುತವಾಗಬಹುದು.

ವಾಡಿ, ಶಹಾಬಾದಿನಂಥ ಸಿಮೆಂಟಿನ ಊರುಗಳಲ್ಲಿ ಗ್ಯಾಸ್ ಕಟಿಂಗ್ ಮಾಡುವವರಿಗೆ ಇದರ ಇನ್ನೊಂದು ಮುಖ ಗೊತ್ತು. ಆಕ್ಸಿಜನ್ ಸಿಲಿಂಡರಿನೊಳಗೆ ದ್ರವ ಇಲ್ಲ, ಒತ್ತಿ ತುಂಬಿದ ಅನಿಲವಷ್ಟೇ. ಮೀಟರಿನ ಮುಳ್ಳು 150ರಿಂದ 75ಕ್ಕೆ ಇಳಿದರೆ ಸುಮಾರು ಅರ್ಧ ಖಾಲಿ. ಅದರ ಪಕ್ಕದ ಅಸಿಟಿಲಿನ್ ಮಾತ್ರ ಅಸಿಟೋನ್ ಎಂಬ ದ್ರವದಲ್ಲಿ ಕರಗಿರುತ್ತದೆ. ಅದಕ್ಕೂ ನಂಬಿಕೆಯ ಲೆಕ್ಕ ತೂಕವೇ.

ಸಿಲಿಂಡರ್ ಬಾಗಿಲಿಗೆ ಬಂದಾಗ ತೂಗಿಸಿ ನೋಡುವುದು ಗ್ರಾಹಕರ ಹಕ್ಕು. ಸಂಕೋಚ ಬೇಡ. ಮೊದಲು ಖಾಲಿ ತೂಕದ ಅಂಕಿ ಓದಿ, ಆಮೇಲೆ ತೂಗಿಸಿ. 14.2 ಕಿಲೋಕ್ಕೆ 150 ಗ್ರಾಂಗಿಂತ ಹೆಚ್ಚು ಕೊರತೆ ಬಂದರೆ ಆ ಸಿಲಿಂಡರ್ ತೆಗೆದುಕೊಳ್ಳಬೇಡಿ, ಬದಲಿ ಕೇಳಿ.