ಚಿತ್ರದಲ್ಲಿಲ್ಲದ ತಂದೆ



ರಾಜಾ ರವಿವರ್ಮನು (1848–1906) 1893ರಲ್ಲಿ ರಚಿಸಿದ ‘ಅದೋ, ಅಪ್ಪ ಬಂದರು’ ಎಂಬರ್ಥದ ಹೆಸರುಳ್ಳ ತೈಲಚಿತ್ರದಲ್ಲಿ ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ನಿಂತಿದ್ದಾಳೆ, ಬಳಿಯಲ್ಲೊಂದು ನಾಯಿಯಿದೆ. ತಾಯಿಯ ರೂಪಕ್ಕೆ ಮಾದರಿಯಾದವಳು ಚಿತ್ರಕಾರನ ಮಗಳು ಮಹಾಪ್ರಭಾ; ಕೂಸು ಅವನ ಮೊಮ್ಮಗ. ಉಡುಗೆಯ ನೆರಿಗೆ, ಮೈಬಣ್ಣ ಎಲ್ಲವೂ ಕಣ್ಣಿಗೆ ಕಂಡಂತೆಯೇ ಮೂಡಿವೆ. ಆದರೆ ಹೆಸರಿನಲ್ಲಿರುವ ಅಪ್ಪ ಚಿತ್ರದಲ್ಲಿಲ್ಲ. ತಾಯಿಯ ನೋಟ ಚೌಕಟ್ಟಿನಾಚೆಗೆ ಹರಿದಿದೆ. ಚಿತ್ರದ ಭಾವವೆಲ್ಲ ಆ ನೋಟದಲ್ಲಿಯೇ ನೆಲೆಸಿದೆ.

ವಾಸ್ತವ ಶೈಲಿಯ ಚಿತ್ರದಲ್ಲಿ ಸಂಕೇತವು ವಸ್ತುವಿನ ಹಿಂದೆ ಅಡಗಿರುತ್ತದೆ. ನಾಯಿ ಮೊದಲು ನಾಯಿಯೇ. ಅನಂತರವಷ್ಟೇ ಮನೆತನದ ನಂಬುಗೆಯ ಕುರುಹು. ಅಂದಿನ ಕೇರಳದ ಅನೇಕ ಮನೆತನಗಳಲ್ಲಿ ತುಳುನಾಡಿನ ಅಳಿಯಸಂತಾನವನ್ನು ಹೋಲುವ ಪದ್ಧತಿಯಿದ್ದು, ಮಗು ತಾಯಿಯ ಮನೆತನಕ್ಕೆ ಸೇರುತ್ತಿತ್ತು. ಆದುದರಿಂದ, ತಂದೆಯನ್ನು ನಡುವಿಟ್ಟುಕೊಂಡ ಹೊಸ ಕುಟುಂಬದ ಆಗಮನವನ್ನು ವಿದ್ವಾಂಸರು ಈ ಚಿತ್ರದಲ್ಲಿ ಗುರುತಿಸಿದ್ದಾರೆ. ಅಪ್ಪನಿಲ್ಲದಿರುವಿಕೆಯೇ ಇಲ್ಲಿ ಸಂಕೇತ.

ತರಗತಿಯಲ್ಲಿ ಮೂರು ಪ್ರಶ್ನೆಗಳು ಕ್ರಮವಾಗಿ ಬರುವುದು ಲೇಸು: ಏನು ಕಾಣುತ್ತಿದೆ? ನೋಡಿದಾಗ ಮನಸ್ಸಿಗೆ ಏನನ್ನಿಸುತ್ತದೆ? ಹಾಗೆನ್ನಿಸಲು ಚಿತ್ರದ ಯಾವ ಭಾಗ ಕಾರಣ? ಮೂರನೆಯದನ್ನು ಬಿಟ್ಟರೆ ಅರ್ಥೈಸುವಿಕೆ ಬರಿಯ ಊಹೆಯಾಗುತ್ತದೆ. ಎರಡನೆಯದನ್ನು ಬಿಟ್ಟರೆ ವಸ್ತುಗಳ ಪಟ್ಟಿಯಾಗುತ್ತದೆ.

ಹೊಳಗುಂದ, ಆದೋನಿ, ಕೋಸಿಗಿ ಸೀಮೆಯಲ್ಲಿ ಈ ಪಾಠಕ್ಕೆ ಹೆಚ್ಚಿನ ಹೊಣೆಯಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸುವ ಕೂಲಿಗಾಗಿ ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಅಜ್ಜಿಯ ಬಳಿ ಉಳಿದ ಮಗುವಿಗೆ ಬಾಗಿಲತ್ತ ನೋಡುವುದೆಂದರೇನೆಂದು ಯಾರೂ ಕಲಿಸಬೇಕಿಲ್ಲ. ಮಾದರಿ ಉತ್ತರದಲ್ಲಿ ‘ಸಂತೋಷ’ ಎಂದಿರಬಹುದು. ಆ ಮಗು ‘ಅಪ್ಪ ಇನ್ನೂ ಬಂದಿಲ್ಲ’ ಎಂದು ಬರೆದೀತು. ಅದಕ್ಕೆ ಕೆಂಪು ಗೆರೆ ಎಳೆಯುವ ಮುನ್ನ ಚಿತ್ರವನ್ನು ಮತ್ತೊಮ್ಮೆ ನೋಡಬೇಕು. ಅಪ್ಪ ಚೌಕಟ್ಟಿನೊಳಕ್ಕೆ ನಿಜವಾಗಿಯೂ ಬಂದಿಲ್ಲ. ಮಗು ಹೇಳಿದುದಕ್ಕೆ ಚಿತ್ರದಲ್ಲಿಯೇ ಆಧಾರವಿದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ‘ನಿನ್ನ ಅಪ್ಪ ಎಲ್ಲಿ?’ ಎಂದು ತರಗತಿಯ ಮುಂದೆ ಕೇಳಲಾಗದು. ಪ್ರಶ್ನೆ ಚಿತ್ರದ ಕೂಸಿನ ಕುರಿತೇ ಇರಲಿ. ಮಗು ತನ್ನ ಮಾತನ್ನು ಆ ಕೂಸಿನ ಬಾಯಿಂದ ಆಡಿಸಲಿ, ಇಷ್ಟವಿಲ್ಲದಿದ್ದರೆ ಸುಮ್ಮನಿರಲಿ. ಮನೆಮಾತಾದ ಕನ್ನಡದಲ್ಲಿ ಓದುವ ಮಗುವಿಗೆ ಕಾಯುವಿಕೆ, ಹಂಬಲ, ನಿರೀಕ್ಷೆ ಎಂಬ ಮಾತುಗಳು ಬರಿಯ ಪದಾರ್ಥಗಳಾಗಿ ಉಳಿಯದೆ ತನ್ನವಾಗುವುದು ಇಂತಹ ಪಾಠದಲ್ಲಿಯೇ. ಕಾಣುವುದನ್ನು ಕಂಡಂತೆ ಹೇಳಲು, ಅನ್ನಿಸಿದುದಕ್ಕೆ ಕಾರಣ ಕೊಡಲು ಕಲಿತ ಮಗುವಿಗೆ ಪದ್ಯದ ಧ್ವನಿಯೂ ಮುಂದೆ ಸುಲಭವಾಗಿ ತಿಳಿಯುತ್ತದೆ.