ಒಳಕೋಣೆಗೆ ಬಾಗಿಲು: ರೈತನೇ ಮಾಡಿಕೊಳ್ಳಬಹುದು



ಹಳ್ಳಿಯ ಅನೇಕ ಮನೆಗಳಲ್ಲಿ ಒಳಕೋಣೆಯ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಬಿಗಿದು ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ಬಾಗಿಲಿನ ಹಲಗೆಗಳು ಬಿಟ್ಟುಕೊಂಡು ಸಂದಿ ಬೀಳುತ್ತವೆ. ಕಾಳುಕಡಿ ಇಡುವ ಕೋಣೆಯಾದರೆ ಆ ಸಂದಿಯೇ ಇಲಿಗೆ ದಾರಿ. ಕಾಲು ಅಂಗುಲ ಜಾಗ ಸಿಕ್ಕರೂ ಚಿಟ್ಟಿಲಿ ಒಳಗೆ ನುಸುಳಬಲ್ಲದು. ಇದಕ್ಕೆ ಹೆಚ್ಚಾಗಿ ಕಾರಣ ಹಸಿ ಮರ. ಮರ ಚೆನ್ನಾಗಿ ಒಣಗಿದ್ದರೆ, ಬಡಗಿ ಕೆಲಸಕ್ಕೆ ಹೊಸಬನಾದ ರೈತನೂ ಒಳ್ಳೆಯ ಬಾಗಿಲು ಮಾಡಬಲ್ಲ.

ಮರದ ಆಯ್ಕೆ

ಹಲಸಿನ ಚೇಗು ಬಾಗಿಲಿಗೆ ಉತ್ತಮ. ಗೆದ್ದಲು ಬೇಗ ಹಿಡಿಯುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ಬಿಡಬೇಕು. ಮನೆಯೊಳಗಿನ ಬಾಗಿಲಿಗೆ ಸಿಲ್ವರ್ ಓಕ್ ಸಹ ಆಗುತ್ತದೆ. ಸ್ವಂತ ಜಮೀನಿನ ಮರವಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕೇ ಎಂಬುದನ್ನು ಕಡಿಯುವ ಮೊದಲು ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸಬೇಕು.

ಒಣಗಿಸುವ ಕ್ರಮ

ಒಂದು ಅಂಗುಲ ದಪ್ಪದ ಹಲಗೆಗಳನ್ನು ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಟ್ಟಬೇಕು. ಸಾಲುಗಳ ನಡುವೆ ಎರಡು ಅಡಿಗೊಂದರಂತೆ ರೀಪು ಇಡಬೇಕು. ತುದಿಗಳಿಗೆ ಬಣ್ಣ ಬಳಿದರೆ ಸೀಳು ಕಡಿಮೆ. ಒಂದು ಬೇಸಿಗೆಯಾದರೂ ಕಳೆಯಲಿ. ಹದಿನೈದು ದಿನಕ್ಕೊಮ್ಮೆ ಒಂದೇ ಹಲಗೆಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಹಲಗೆ ಕೆಲಸಕ್ಕೆ ಸಿದ್ಧ.

ಜೋಡಿಸುವ ಕ್ರಮ

ಹೊಸಬರಿಗೆ ಸುಲಭವಾದುದು ಅಡ್ಡಪಟ್ಟಿಯ ಬಾಗಿಲು. ಚೌಕಟ್ಟಿನ ಒಳ ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆಯಿರಿ. ಅತಿ ಕಡಿಮೆ ಬಂದ ಅಳತೆಯಿಂದ ಎರಡೂ ಪಕ್ಕಕ್ಕೆ ಅರ್ಧಪಾವು, ಅಂದರೆ ಅಂಗುಲದ ಎಂಟನೆಯ ಒಂದು ಭಾಗ, ಬಿಡಿ. 30 ಅಂಗುಲ ಅಗಲಕ್ಕೆ ಐದೂವರೆ ಅಂಗುಲದ 6 ಹಲಗೆ ಸಾಕು. ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಂಗುಲ ಕೂರುವಂತೆ ಎರಡರಲ್ಲೂ ಅರ್ಧ ದಪ್ಪ ತೆಗೆಯಬೇಕು. ನಡುವೆ ಗೋಂದು ಹಾಕಬಾರದು. ಬೇಸಿಗೆಯಲ್ಲಿ ಜೋಡಿಸುವುದಾದರೆ ಒಂದು ನಾಣ್ಯದ ದಪ್ಪದಷ್ಟು ಎಡೆ ಬಿಡಿ. ಮಳೆಗಾಲದಲ್ಲಿ ಹಲಗೆ ಉಬ್ಬಲು ಅದೇ ಜಾಗ. ಅಂಚುಗಳು ಒಂದರ ಮೇಲೊಂದು ಕೂತಿರುವುದರಿಂದ ಇಲಿಗೆ ದಾರಿಯಿಲ್ಲ. ಒಟ್ಟು ಅಗಲ ಹೆಚ್ಚಾದರೆ ಎರಡು ಕೊನೆಯ ಹಲಗೆಗಳನ್ನು ಸಮನಾಗಿ ಉಜ್ಜಿ ಸರಿಪಡಿಸಿ.

ನಾಲ್ಕು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಮೂರು ಅಡ್ಡಪಟ್ಟಿಗಳನ್ನು ಮೇಲೆ, ನಡುವೆ, ಕೆಳಗೆ ಕೂರಿಸಿ. ಬಾಗಿಲು ಚೌಕಟ್ಟಿನಲ್ಲಿ ಒರಗುವ ಕಚ್ಚಿಗೆ ತಾಗದಂತೆ ಪಟ್ಟಿಯ ಎರಡೂ ತುದಿ ಒಂದೊಂದು ಅಂಗುಲ ಒಳಗಿರಲಿ. ಪಟ್ಟಿಯ ಕಡೆಯಿಂದ ಮೊದಲು ತೂತು ಕೊರೆದು, ಒಂದೂಮುಕ್ಕಾಲು ಅಂಗುಲದ ಸ್ಕ್ರೂಗಳನ್ನು ಪ್ರತಿ ಹಲಗೆಗೆ ಎರಡರಂತೆ, ಹಲಗೆಯ ನಡುಭಾಗದಲ್ಲಿ ಹಾಕಿ. ಬಿಗಿಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಅಳತೆ ಒಂದೇ ಇದ್ದರೆ ಬಾಗಿಲು ಚೌಕವಾಗಿದೆ.

ಇನ್ನು ಓರೆಪಟ್ಟಿ. ಇದರ ಕೆಳತುದಿ ಕೀಲಿನ ಕಡೆಗೂ ಮೇಲ್ತುದಿ ಚಿಲಕದ ಕಡೆಗೂ ಇರಬೇಕು. ಆಗ ಬಾಗಿಲಿನ ಭಾರ ಪಟ್ಟಿಯ ಮೂಲಕ ಕೀಲಿಗೆ ಇಳಿಯುತ್ತದೆ. ತಿರುಗುಮುರುಗಾದರೆ ಚಿಲಕದ ಮೂಲೆ ಜಗ್ಗಿ ನೆಲ ಉಜ್ಜುತ್ತದೆ.

ಟಿ ಆಕಾರದ ಕೀಲುಗಳನ್ನು ಬಾಗಿಲಿನ ನಯವಾದ ಮುಖದ ಮೇಲಿಟ್ಟು, ಸ್ಕ್ರೂ ಹಲಗೆ ದಾಟಿ ಹಿಂದಿನ ಅಡ್ಡಪಟ್ಟಿಯನ್ನು ಹಿಡಿಯುವಂತೆ ಬಿಗಿಯಿರಿ.

ಕೊನೆಯ ಕೆಲಸ

ಎರಡೂ ಮುಖ, ನಾಲ್ಕೂ ಅಂಚುಗಳಿಗೆ ಅಗಸೆ ಎಣ್ಣೆ ಅಥವಾ ವಾರ್ನಿಷ್ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದರೆ ತೇವ ಒಂದೇ ಕಡೆ ಹಿಡಿದು ಬಾಗಿಲು ಸೊಟ್ಟಗಾಗುತ್ತದೆ. ಕಾಳಿನ ಕೋಣೆಗೆ ಕೆಳಗಿನ ಸಂದಿ ಕಾಲು ಅಂಗುಲಕ್ಕಿಂತ ಕಡಿಮೆಯಿರಲಿ. ಇಲಿ ಕಡಿಯದಂತೆ ಕೆಳಭಾಗಕ್ಕೆ ಒಂದು ಅಡಿ ಎತ್ತರ ತಗಡು ಹೊಡೆಯುವುದು ಲೇಸು.

ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯೇ ಇದಕ್ಕೆ ತಕ್ಕ ಕಾಲ. ಈ ವರ್ಷ ಹಲಗೆ ಒಟ್ಟಿದವರು ಬರುವ ಬೇಸಿಗೆಗೆ ಬಾಗಿಲು ನಿಲ್ಲಿಸಬಹುದು.